ಲೀಡ್ಸ್ ವಾಪಸ್ ಬಂತು, ನನ್ನ ಸಿಟ್ಟು ಮಾತ್ರ ಇಳೀತಿಲ್ಲ (ನಮ್ಮೂರ ಸೆವೆನ್ಸ್ ಟೀಮ್ ಕಥೆನೂ ಇದೆ)

ತೋಟದಮನೆ, ಸುಂಟಿಕೊಪ್ಪ

ಕಾಫಿ ಕೊಯ್ಲು ಶುರುವಾಗಿದೆ, ಮೈಕೈ ಎಲ್ಲ ನೋವು, ಆದ್ರೂ ನಿದ್ದೆ ಬರ್ತಿಲ್ಲ ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಮೊದಲೇ ಹೇಳ್ಬಿಟ್ಟಿದೀನಿ.

ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೀಡ್ಸ್ ಯುನೈಟೆಡ್ ಫ್ಯಾನು. ನಗ್ಬೇಡಿ. ಜಿಲ್ಲೇಲಿ ನನಗೆ ಗೊತ್ತಿರೋ ಹಾಗೆ ಮೂರು ಜನ ಇದೀವಿ, ಒಬ್ಬ ದುಬೈಗೆ ಹೋದ, ಇನ್ನೊಬ್ಬ ನನ್ನ ತಮ್ಮ, ಅವನೂ ನನ್ನ ಹೆದರಿಕೆಗೆ ಫ್ಯಾನ್ ಆದವನು. 2000-01ರಲ್ಲಿ ನಾನು ಪಿಯುಸಿ, ಚಾಂಪಿಯನ್ಸ್ ಲೀಗಲ್ಲಿ ಲೀಡ್ಸ್ ಆಡ್ತಿತ್ತು ನೋಡಿ, ಗುಂಪಲ್ಲಿ ಮಿಲಾನ್, ಬಾರ್ಸಿಲೋನಾ, ಎರಡನೇ ರೌಂಡಲ್ಲಿ ರಿಯಲ್ ಮ್ಯಾಡ್ರಿಡ್, ಲಾಜಿಯೊ, ಎಲ್ಲ ದಾಟ್ಕೊಂಡು ಕ್ವಾರ್ಟರಲ್ಲಿ ಡಿಪೋರ್ಟಿವೊಗೆ ಮನೇಲಿ 3-0 ಹೊಡೆದ್ರು. ಎಲ್ಲ ಹುಡುಗ್ರೇ ಮಾರಾಯ. ಸ್ಮಿತ್, ಕ್ಯೂವೆಲ್, ವುಡ್‌ಗೇಟ್, ಎಲ್ರೂ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನವರು. ಸೆಮಿಫೈನಲಲ್ಲಿ ವೇಲೆನ್ಸಿಯಾ ಜೊತೆ 0-0, ಅಲ್ಲಿ ಹೋಗಿ 0-3. ಮರುದಿನ ಬೆಳಿಗ್ಗೆ ಅಪ್ಪ "ಯಾರು ಸತ್ರು?" ಅಂತ ಕೇಳಿದ್ರು ನನ್ನ ಮುಖ ನೋಡಿ.

ಆ ಸೋಲು ನನಗೆ ಈಗ ಏನೂ ಅನ್ಸಲ್ಲ, ಸತ್ಯವಾಗ್ಲೂ. ಅನ್ಸೋದು ಆಮೇಲಿಂದು. ಮೂರೇ ವರ್ಷಕ್ಕೆ, 2004 ಮೇ ತಿಂಗಳಲ್ಲಿ, ಬೋಲ್ಟನಲ್ಲಿ 4-1 ಸೋತು ಪ್ರೀಮಿಯರ್ ಲೀಗಿಂದ ಹೊರಗೆ. 2007ರಲ್ಲಿ ಇನ್ನೂ ಒಂದು ಮೆಟ್ಲು ಕೆಳಗೆ, ಮೂರನೇ ಡಿವಿಷನ್ನು. ಮೇಲೆ ಬರೋಕೆ 2020 ಆಯ್ತು, ಅದೂ ಕೊರೋನಾ ಟೈಮಲ್ಲಿ ಖಾಲಿ ಸ್ಟೇಡಿಯಮ್ಮಲ್ಲಿ. 2023ರಲ್ಲಿ ಮತ್ತೆ ಇಳಿದ್ರು, 2025ರಲ್ಲಿ 100 ಪಾಯಿಂಟ್ ಮಾಡಿ ಮತ್ತೆ ಹತ್ತಿದ್ರು.

ಆಗಸ್ಟಲ್ಲಿ ಎವರ್ಟನ್ ಜೊತೆ ಮೊದಲ ಮ್ಯಾಚು, ನಮಗೆ ಸೋಮವಾರ ರಾತ್ರಿ ಹನ್ನೆರಡೂವರೆಗೆ. ಹೊರಗೆ ಮಳೆ, ಕರೆಂಟಿಲ್ಲ, ಮೊಬೈಲಲ್ಲಿ ಹದಿನೆಂಟು ಪರ್ಸೆಂಟ್ ಚಾರ್ಜು. ಕೊನೆಗೆ ಪೆನಾಲ್ಟಿ ಸಿಕ್ಕಿ 1-0 ಗೆದ್ವಿ. ಕುಣೀಬೇಕಿತ್ತಲ್ವಾ? ನಾನು ಕೂತ್ಕೊಂಡು ಏನು ಯೋಚನೆ ಮಾಡಿದೆ ಗೊತ್ತಾ, 2001ರಲ್ಲಿ ಚೇರ್ಮನ್ ಆಗಿದ್ದ ಪೀಟರ್ ರಿಡ್ಸ್‌ಡೇಲ್ ಬಗ್ಗೆ. ಇಪ್ಪತ್ನಾಲ್ಕು ವರ್ಷ ಆಗಿದೆ. ಇದಕ್ಕೇನಾದ್ರೂ ಔಷಧಿ ಇದೆಯಾ?

ನಮ್ಮೂರ ಟೀಮ್ ಬಗ್ಗೆನೂ ಹೀಗೇ ಅನ್ಸುತ್ತೆ. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತು. ಎರಡು ಸೀಸನ್ ಯಾವ ಸೆವೆನ್ಸ್ (ಒಂದು ಕಡೆಗೆ ಏಳು ಜನ ಆಡೋ ಫುಟ್‌ಬಾಲ್) ಟೂರ್ನಮೆಂಟಿಗೆ ಹೋದ್ರೂ ಸೆಮಿ ಗ್ಯಾರಂಟಿ ಅನ್ನೋ ಟೀಮು, ಮೂರನೇ ವರ್ಷ ಬ್ಯಾನರೂ ಇಲ್ಲ.

ಯುನೈಟೆಡ್ ಮಡಿಕೇರಿ

ಔಷಧಿ ಇದೆ ಅಣ್ಣ, ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ಕಡೆ ಬನ್ನಿ. ನಿಮ್ಮ ಫರ್ಡಿನೆಂಡ್ ಬಂದ, ನಿಮ್ಮ ಅಲನ್ ಸ್ಮಿತ್ ಬಂದ, ನೀವೂ ಬಂದ್ಬಿಡಿ 😂

ತೋಟದಮನೆ, ಸುಂಟಿಕೊಪ್ಪ

ತಮ್ಮಾ, ನೀನು ಹುಟ್ಟಿದ್ಯಾ ಆಗ? 2010 ಜನವರಿ 3ನೇ ತಾರೀಕು ನೆನಪಿದೆಯಾ, ಮೂರನೇ ಡಿವಿಷನಲ್ಲಿದ್ದ ನಾವು ನಿಮ್ಮ ಮನೆಗೇ ಬಂದು ಎಫ್‌ಎ ಕಪ್ಪಲ್ಲಿ 1-0 ಹೊಡೆದು ಹೋದ್ವಿ, ಬೆಕ್‌ಫೋರ್ಡ್ ಗೋಲು.

ಫರ್ಡಿನೆಂಡ್ ಮೇಲೆ ನಂಗೆ ಸಿಟ್ಟಿಲ್ಲ. 1.8 ಕೋಟಿ ಪೌಂಡಿಗೆ ತಗೊಂಡು ಎರಡು ವರ್ಷದೊಳಗೆ ಸುಮಾರು 3 ಕೋಟಿಗೆ ಮಾರಿದ್ದು, ಅದು ವ್ಯಾಪಾರ. ಸ್ಮಿತ್ ಕಥೆ ಬೇರೆ. ಅವನು ಲೀಡ್ಸ್ ಹುಡುಗ. ಆ ಟೀಮಿಗೆ ಯಾವತ್ತೂ ಆಡಲ್ಲ ಅಂದಿದ್ದವನು. 2004ರಲ್ಲಿ ಇಳಿದ ಮೇಲೆ ಕೊನೇ ಹೋಮ್ ಮ್ಯಾಚ್ ಮುಗಿದಾಗ ಜನ ಗ್ರೌಂಡಿಗೆ ನುಗ್ಗಿ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಹೋದ್ರು, ಅಳ್ತಾ. ಅದೇ ತಿಂಗಳು ನಿಮ್ಮ ಟೀಮಿಗೆ. ಕ್ಲಬ್ಬಿಗೆ ದುಡ್ಡು ಬರ್ಲಿ ಅಂತಾನೇ ಹೋದ, ತನ್ನ ಪಾಲು ಬಿಟ್ಟುಕೊಟ್ಟ ಅಂತಾರೆ, ಇರಬಹುದು, ತಲೆ ಒಪ್ಪುತ್ತೆ. ಆದ್ರೆ ಹೆಗಲು? ಹೆಗಲಿಗೆ ನೆನಪಿರುತ್ತೆ ಮಾರಾಯ.

ಸಿದ್ದಾಪುರ ಮಂಜಪ್ಪಡ

ಅಣ್ಣಾ ನಿಮಗಾದ್ರೂ ಬೈಯೋಕೆ ಜನ ಇದಾರೆ, ನಮ್ಮ ಕಷ್ಟ ಕೇಳಿ. ನಮ್ಮ ಕೇರಳ ಬ್ಲಾಸ್ಟರ್ಸ್ ಇಂಡಿಯನ್ ಸೂಪರ್ ಲೀಗಲ್ಲಿ (ಐಎಸ್‌ಎಲ್) ಮೂರು ಸಲ ಫೈನಲ್ ಸೋತಿದೆ, 2014, 2016, 2022. ಮೊದಲೆರಡು ಅಟ್ಲೆಟಿಕೊ ಡಿ ಕೋಲ್ಕತಾ ಎದುರು, ಮೂರನೇದು ಹೈದರಾಬಾದ್ ಎದುರು ಪೆನಾಲ್ಟಿ ಶೂಟೌಟಲ್ಲಿ. ಈಗ ನೋಡಿ, ಆ ಕೋಲ್ಕತಾ ಟೀಮು 2020ರಲ್ಲಿ ಮೋಹನ್ ಬಾಗಾನ್ ಜೊತೆ ಸೇರ್ಕೊಂಡು ಕರಗಿ ಹೋಯ್ತು. ಹೈದರಾಬಾದ್ ಚಾಂಪಿಯನ್ ಆಗಿ ಎರಡು ವರ್ಷಕ್ಕೆ ಪ್ಲೇಯರ್ಸಿಗೆ ಸಂಬಳ ಕೊಡೋಕಾಗ್ದೆ ಒಬ್ಬೊಬ್ರೇ ಬಿಟ್ಟು ಹೋದ್ರು, ಆಮೇಲೆ 2025ರಲ್ಲಿ ಟೀಮನ್ನೇ ಎತ್ತಿ ಡೆಲ್ಲಿಗೆ ಒಯ್ದು ಹೆಸರೂ ಬದಲಾಯಿಸಿದ್ರು. ಅಂದ್ರೆ ನಮ್ಮನ್ನ ಫೈನಲಲ್ಲಿ ಸೋಲಿಸಿದ ಒಂದು ಟೀಮೂ ಆ ಹೆಸರಲ್ಲಿ ಈಗ ಇಲ್ಲ!! ಸೇಡು ಯಾರ ಮೇಲೆ ತೀರಿಸ್ಕೊಳ್ಳೋದು, ಸತ್ತೋದವನ ಮೇಲೆ ಕೇಸ್ ಹಾಕ್ದಂಗೆ ಆಯ್ತು ನಮ್ದು.

ಅದಕ್ಕೇ ಇರೋ ಬರೋ ಸಿಟ್ಟೆಲ್ಲ ಬೆಂಗಳೂರು ಎಫ್‌ಸಿಯವರ (ಬಿಎಫ್‌ಸಿ) ಮೇಲೆ 😤 2023 ಮಾರ್ಚ್ 3, ವಿಸಿಲ್ ಆಗೋ ಮೊದಲೇ ಫ್ರೀಕಿಕ್.

ವೆಸ್ಟ್ ಬ್ಲಾಕಲ್ಲಿ ಒಬ್ಬ ಕುಶಾಲನಗರದವ

ಬಂತಪ್ಪ. ಚೇಟಾ, ರೆಫರಿ ಕೊಟ್ಟ, ಛೆಟ್ರಿ ಹೊಡೆದ, ಗೋಲ್ ಆಯ್ತು. ನೀವು ಗ್ರೌಂಡ್ ಬಿಟ್ಟು ಹೋದ್ರಿ, 4 ಕೋಟಿ ದಂಡ ಕಟ್ಟಿದ್ರಿ, ಕೋಚಿಗೆ ಹತ್ತು ಮ್ಯಾಚ್ ಬ್ಯಾನು. ಇದನ್ನ ಇಲ್ಲಿಗೆ ಬಿಡೋಣ, ಇಲ್ಲಾಂದ್ರೆ ಅಣ್ಣನ ವಿಷಯ ಹಾಳಾಗುತ್ತೆ.

ನನಗೆ ಈ ಎಲ್ಲದರಲ್ಲೂ ಭಯ ಆಗೋದು ಬೇರೆ. ನಮ್ಮಪ್ಪ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದಾಗ ಐಟಿಐ, ಹೆಚ್‌ಎಎಲ್ ಮ್ಯಾಚಿಗೆ ಸೈಕಲ್ಲಲ್ಲಿ ಹೋಗ್ತಿದ್ರಂತೆ. ಹೆಚ್‌ಎಎಲ್ 2012ರಲ್ಲಿ ಐ-ಲೀಗಿಂದ (ಆಗ ದೇಶದ ದೊಡ್ಡ ಲೀಗು ಅದೇ) ಇಳೀತು, ಅಪ್ಪ ಪೇಪರ್ ಮಡಚಿಟ್ಟು ಕಾಫಿ ಕುಡಿದ್ರು, ಅಷ್ಟೇ. ಅದಕ್ಕೂ ಮೊದಲೇ 2010ರಲ್ಲಿ ಮಹೀಂದ್ರಾ ಯುನೈಟೆಡ್, 2011ರಲ್ಲಿ ಜೆಸಿಟಿ ಮುಚ್ಚಿದ್ವು, ಜೆಸಿಟಿ ಅಂದ್ರೆ ಮೊಟ್ಟಮೊದಲ ನ್ಯಾಷನಲ್ ಲೀಗ್ ಗೆದ್ದವರು ಸ್ವಾಮಿ. ನಮ್ಮ ಬಿಎಫ್‌ಸಿ ಹುಟ್ಟಿದ್ದೇ 2013ರಲ್ಲಿ, ಮೊದಲ ಸೀಸನಲ್ಲೇ ಐ-ಲೀಗು ಗೆದ್ವಿ, ಎಲ್ಲ ಚೆನ್ನಾಗಿತ್ತು. 2025 ಆಗಸ್ಟಲ್ಲಿ ಐಎಸ್‌ಎಲ್ ನಡೆಯುತ್ತೋ ಇಲ್ವೋ ಅನ್ನೋ ಗೊಂದಲದಲ್ಲಿ ಫಸ್ಟ್ ಟೀಮಿನ ಸಂಬಳ ನಿಲ್ಲಿಸ್ತೀವಿ ಅಂದಾಗ ನಾನು ಆಫೀಸ್ ಬಾತ್‌ರೂಮಲ್ಲಿ ನಿಂತು ಫೋನ್ ನೋಡ್ತಾ ಇದ್ದೆ. ಅಪ್ಪನಿಗೆ ಕಾಲ್ ಮಾಡಿದ್ರೆ "ಟೀಮು ಕಂಪೆನಿಯವರದ್ದು ಮಗ, ನಿಂದಲ್ಲ" ಅಂದ್ರು. ಆ ಮಾತು ಇನ್ನೂ ಚುಚ್ತಾ ಇದೆ.

ಇಂಗ್ಲೆಂಡಲ್ಲಿ ಪೋರ್ಟ್ಸ್‌ಮತ್ ಫ್ಯಾನ್ಸ್ ಏನ್ ಮಾಡಿದ್ರು ಗೊತ್ತಾ, 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್ಬು 2013ಕ್ಕೆ ನಾಲ್ಕನೇ ಡಿವಿಷನ್ನು, ಆಗ ಫ್ಯಾನ್ಸೇ ದುಡ್ಡು ಹಾಕಿ ಕೊಂಡ್ಕೊಂಡ್ರು. ನಾಲ್ಕು ವರ್ಷ ಆದ್ಮೇಲೆ ಅವರೇ ವೋಟ್ ಹಾಕಿ ಒಬ್ಬ ಅಮೆರಿಕದ ಶ್ರೀಮಂತನಿಗೆ ಮಾರಿದ್ರು. ನಿಭಾಯಿಸೋದು ಅಷ್ಟು ಸುಲಭ ಅಲ್ಲ ಅಂತ.

ಪೊನ್ನಂಪೇಟೆ ಹಾಕಿ

ಇದನ್ನೆಲ್ಲ ಓದಿ ನಗು ಬಂತು. ನೀವೆಲ್ಲ ಹಾಕಿ ನಾಡಲ್ಲಿ ಕೂತು ಕಾಲ್ಚೆಂಡಿಗೆ ಅಳ್ತಾ ಇದೀರಿ. ನಮ್ಮ ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾಯ್ತು, ಅವತ್ತಿಂದ ಒಂದೊಂದು ವರ್ಷ ಒಂದೊಂದು ಒಕ್ಕದವರು (ಮನೆತನದವರು) ನಡೆಸ್ತಾರೆ. ನಮ್ಮ ಒಕ್ಕ ಮೊದಲ ರೌಂಡಲ್ಲೇ ಮನೆಗೆ ಬಂದದ್ದು ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಆದ್ರೆ ನಮ್ಮ ಟೀಮನ್ನ ಯಾರು ಮಾರ್ತಾರೆ? ಯಾರು ಕೊಳ್ತಾರೆ? ನನ್ನ ಮನೆ ಹೆಸರು ಕೊಳ್ಳೋಕೆ ಯಾವನಿಗೆ ಧೈರ್ಯ ಇದೆ?

ಆ ಲೀಡ್ಸ್ ಕ್ಲಬ್ಬಿನವರು ಸ್ಟೇಡಿಯಂ ಏನು ಮಾಡಿದ್ರು? ಅದನ್ನೂ ಮಾರಿದ್ರು ಅಂತ ಎಲ್ಲೋ ಓದಿದ್ದೆ.

ತೋಟದಮನೆ, ಸುಂಟಿಕೊಪ್ಪ

ಹೌದು ಅಂಕಲ್. 2004ರಲ್ಲಿ ಎಲ್ಲಂಡ್ ರೋಡ್ ಮಾರಿ ಅದೇ ಗ್ರೌಂಡಲ್ಲಿ ಬಾಡಿಗೆಗೆ ಆಡಿದ್ರು. 2017ರಲ್ಲಿ ವಾಪಸ್ ಕೊಂಡ್ರು.

ಪೊನ್ನಂಪೇಟೆ ಹಾಕಿ

ಐನ್‌ಮನೆ (ಒಕ್ಕದ ಮೂಲ ಮನೆ) ಮಾರಿ, ಅದೇ ಐನ್‌ಮನೇಲಿ ಬಾಡಿಗೆಗೆ ಕೂತು, ಕಾರೋಣನಿಗೆ (ಮೂಲಪುರುಷನಿಗೆ) ದೀಪ ಇಡೋಕೆ ಓನರ್ ಹತ್ರ ಪರ್ಮಿಷನ್ ಕೇಳೋದು. ಹದಿಮೂರು ವರ್ಷ. ಸರಿ, ಈಗ ನಗು ಬರ್ತಿಲ್ಲ.

ಕಣದ ಲೆಕ್ಕ

ನಾನು ಇಲ್ಲಿ ಸುಮ್ನೆ ಓದೋನು, ಬರೆಯೋನಲ್ಲ. ವಯಸ್ಸು ಅರವತ್ತೆರಡು. ತೋಟದಮನೆಯವರು ರಿಡ್ಸ್‌ಡೇಲ್ ಅಂತ ಬರೆದದ್ದು ನೋಡಿ ಬರೀಬೇಕು ಅನ್ನಿಸ್ತು.

ಅವರು ಏನು ಮಾಡಿದ್ರು ಅಂತ ನಮ್ಮ ಭಾಷೇಲಿ ಹೇಳ್ತೀನಿ. ಮುಂದಿನ ಇಪ್ಪತ್ತೈದು ವರ್ಷ ಜನ ಟಿಕೆಟ್ ಕೊಂಡೇ ಕೊಳ್ತಾರೆ ಅಂತ ಆ ಟಿಕೆಟ್ ದುಡ್ಡನ್ನೇ ಅಡವಿಟ್ಟು 6 ಕೋಟಿ ಪೌಂಡ್ ಸಾಲ ತಂದ್ರು. ಸಾಲ ತೀರಬೇಕಾದ್ರೆ ಪ್ರತಿ ವರ್ಷ ಚಾಂಪಿಯನ್ಸ್ ಲೀಗಿಗೆ ಹೋಗ್ಲೇಬೇಕು. ಹೋದ್ರಾ? 2001ರಲ್ಲಿ ಒಂದೇ ಒಂದು ಪಾಯಿಂಟಲ್ಲಿ ತಪ್ಪಿತು, ಲಿವರ್‌ಪೂಲ್ 69, ಲೀಡ್ಸ್ 68. ಅದಾದ ಮೇಲೂ ನಿಲ್ಲಿಸ್ಲಿಲ್ಲ, ಫೌಲರ್, ಸೇತ್ ಜಾನ್ಸನ್ ಅಂತ ಕೊಳ್ತಾನೇ ಹೋದ್ರು.

ಈಗ ನಮ್ಮ ಕಡೆ ಬನ್ನಿ. 1994ರಲ್ಲಿ ಬ್ರೆಜಿಲಲ್ಲಿ ಹಿಮ ಬಿದ್ದು ಅಲ್ಲಿ ಗಿಡ ಸುಟ್ಟು ಹೋಯ್ತು, ಇಲ್ಲಿ ಕಾಫಿ ರೇಟು ಆಕಾಶಕ್ಕೆ. ನಾವೆಲ್ಲ ಏನ್ ಮಾಡಿದ್ವಿ? ಮುಂದಿನ ಫಸಲಿನ ಮೇಲೆ ವ್ಯಾಪಾರಿ ಹತ್ರ ಅಡ್ವಾನ್ಸು, ಅದರ ಮುಂದಿನ ಫಸಲಿನ ಮೇಲೆ ಬ್ಯಾಂಕ್ ಸಾಲ, ಜೀಪು, ಮನೆಗೆ ಮೇಲೊಂದು ಅಂತಸ್ತು. ಹೂ ಮಳೆ ಬಂದೇ ಬರುತ್ತೆ, ರೇಟು ಇದ್ದೇ ಇರುತ್ತೆ ಅಂತ. 2001, 2002ಕ್ಕೆ ಬಂದಾಗ ಕೊಯ್ಲು ಕೂಲಿನೂ ಹುಟ್ಟದ ರೇಟು. ಲೀಡ್ಸ್ ಮುಳುಗಿದ್ದೂ ಅದೇ ವರ್ಷಗಳಲ್ಲಿ. ನಾನು ಆಗ ಟೀವಿಲಿ ಆ ಮ್ಯಾಚ್ ನೋಡ್ತಾ ಇದ್ದೆ ನೋಡಿ, ಆ ಚೇರ್ಮನ್ ಮುಖ ತೋರಿಸಿದಾಗ ಹೆಂಡತಿ ಅಂದ್ಲು "ನಿಮ್ಮ ಹಾಗೇ ಕೂತಿದಾನೆ" ಅಂತ.

ಹಾಗಾಗಿ ನನಗೆ ಆ ಮನುಷ್ಯನ ಮೇಲೆ ನಿಮ್ಮಷ್ಟು ಸಿಟ್ಟು ಬರಲ್ಲ.

ತೋಟದಮನೆ, ಸುಂಟಿಕೊಪ್ಪ

ಮಾವ, ಮಾವ ಅಂತಾನೇ ಕರೀತೀನಿ, ನಿಮ್ಮ ಮಾತು ಸರಿ. ನಮ್ಮಪ್ಪನೂ ಅದೇ ಮಾಡಿದ್ರು, ಹೊಳೆ ಕಡೆ ಎರಡು ಎಕ್ರೆ ಹೋಯ್ತು. ಆದ್ರೆ ಒಂದು ವ್ಯತ್ಯಾಸ ಇದೆ. ಅಪ್ಪ ಅಡವಿಟ್ಟದ್ದು ಅವರ ತೋಟ. ರಿಡ್ಸ್‌ಡೇಲ್ ಅಡವಿಟ್ಟದ್ದು ನಮ್ಮ ಟಿಕೆಟ್ಟು. ಅಂದ್ರೆ ನನ್ನದಲ್ಲ, ನಾನು ಎಲ್ಲಂಡ್ ರೋಡ್ ನೋಡೇ ಇಲ್ಲ, ಆದ್ರೆ ಗೊತ್ತಾಯ್ತಲ್ಲ. ಇವರು ಎಲ್ಲಿಗೂ ಹೋಗಲ್ಲ, ಸತ್ರೂ ಬರ್ತಾರೆ ಅನ್ನೋ ನಂಬಿಕೆ ಇಟ್ಕೊಂಡೇ ಸಾಲ ತಂದ್ರು. ನಮ್ಮ ನಿಯತ್ತೇ ಜಾಮೀನು. ಹೇಳಿದ್ರಾ ನಮಗೆ? ಚಪ್ಪಾಳೆ ತಟ್ತಾ ಇದ್ವಿ.

ಆಮೇಲೆ ಕಟ್ಟಿದವರು ಯಾರು? 2007ರಲ್ಲಿ ದಿವಾಳಿ ಅಂತ ಹತ್ತು ಪಾಯಿಂಟ್ ಕಡಿತ, ಮುಂದಿನ ಸೀಸನ್ ಶುರುವಾಗೋದೇ ಮೈನಸ್ 15ರಿಂದ. ಆ ಮೈನಸ್ 15ರ ವರ್ಷ ಮೊದಲ ಏಳು ಮ್ಯಾಚ್ ಏಳೂ ಗೆದ್ರು. ನನಗೆ ಚಾಂಪಿಯನ್ಸ್ ಲೀಗ್ ಸೆಮಿಗಿಂತ ಆ ಏಳು ಮ್ಯಾಚು ಹೆಚ್ಚು, ಟೀವಿಲೂ ಬರ್ತಿರಲಿಲ್ಲ, ಮಡಿಕೇರಿ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಬರೀ ಸ್ಕೋರ್ ನೋಡ್ತಿದ್ದೆ, ಪೇಜ್ ಲೋಡ್ ಆಗೋದ್ರಲ್ಲಿ ಎರಡು ಗೋಲ್ ಆಗಿರ್ತಿತ್ತು.

ನಮ್ಮೂರ ಟೀಮಿನದ್ದೂ ಇದೇ. ಆ ಸ್ಪಾನ್ಸರ್ ಬಂದ್ಮೇಲೆ ಮಲಪ್ಪುರಂನಿಂದ ಗೆಸ್ಟ್ ಪ್ಲೇಯರ್ಸು, ಒಬ್ಬ ಆಫ್ರಿಕದವನು, ಮ್ಯಾಚಿಗೆ ಇಷ್ಟು ಅಂತ ಕೈಗೆ ದುಡ್ಡು. ಸೋತದ್ದು, ಟೀಮ್ ಮುರಿದದ್ದು ಎಲ್ಲ ಸರಿ. ಆದ್ರೆ ನಮ್ಮ ಕೀಪರ್ ಮಂಡಿ ಆಪರೇಷನಿಗೆ ಅಂತ ಊರಿಡೀ ಡಬ್ಬ ಹಿಡ್ಕೊಂಡು ದುಡ್ಡು ಎತ್ತಿದ್ವಲ್ಲ, ತೋಟದ ಲೈನ್ ಮನೆ ಕೂಲಿಯವರೂ ಹತ್ತು ಇಪ್ಪತ್ತು ಹಾಕಿದ್ರು, ಆ ದುಡ್ಡು ಎಲ್ಲಿ ಹೋಯ್ತು? ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಯುನೈಟೆಡ್ ಮಡಿಕೇರಿ

ಅಣ್ಣ ಇದು ಸೀರಿಯಸ್ ಆಯ್ತು. ನಾನು ತಮಾಷೆಗೆ ಬಂದಿದ್ದೆ.

ಸಿದ್ದಾಪುರ ಮಂಜಪ್ಪಡ

ಆ ಕೀಪರ್ ಗೊತ್ತು ನಂಗೆ. ನಮ್ಮ ಟೀಮಿಗೆ ಪೆನಾಲ್ಟಿ ಹಿಡಿದಿದ್ರು, ಸುಂಟಿಕೊಪ್ಪ ಗ್ರೌಂಡಲ್ಲಿ, ಮಳೆ ಬಂದು ಕೆಸರು. ಆಮೇಲೆ ಕಾಣ್ಲೇ ಇಲ್ಲ.

ಗ್ಯಾಲರಿ ಅಕ್ಕ

ಕಾಣಲ್ಲ, ಯಾಕಂದ್ರೆ ಆಡಲ್ಲ. ನಾನು ಅವನ ತಂಗಿ.

ಹೆಸರು ಹಾಕ್ಬೇಡಿ ಯಾರೂ, ಅವನಿಗೆ ಇಷ್ಟ ಆಗಲ್ಲ. ಆಪರೇಷನ್ ಆಗ ಆಗ್ಲಿಲ್ಲ, ಎರಡು ವರ್ಷ ಬಿಟ್ಟು ಅಮ್ಮನ ಬಳೆ ಇಟ್ಟು ಮಾಡಿಸಿದ್ವಿ, ಅಷ್ಟೊತ್ತಿಗೆ ಮಂಡಿ ಸವೆದು ಹೋಗಿತ್ತು ಅಂದ್ರು ಡಾಕ್ಟ್ರು. ಈಗ್ಲೂ ಮೆಟ್ಲು ಇಳಿಯೋವಾಗ ಗೋಡೆ ಹಿಡ್ಕೊಳ್ತಾನೆ. ಒಂದು ವಿಷಯ ಹೇಳ್ತೀನಿ, ಆ ಟೀಮಿನ ಹಳದಿ ಗ್ಲೌಸ್ ಇದೆಯಲ್ಲ, ರಬ್ಬರ್ ಎಲ್ಲ ಪುಡಿ ಪುಡಿ, ಅದನ್ನ ಬಿಸಾಕೋಕೆ ಬಿಡಲ್ಲ. ನಾನು ಬೈದ್ರೆ "ಟೀಮ್ ಏನ್ ಮಾಡ್ತು ನಂಗೆ, ಮಾಡಿದ್ದು ಆ ನಾಲ್ಕು ಜನ" ಅಂತಾನೆ. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಕಣದ ಲೆಕ್ಕ

ಅಮ್ಮ, ಆ ನಾಲ್ಕು ಜನರಲ್ಲಿ ನಾನೊಬ್ಬ. ಖಜಾಂಚಿ.

ಒಂದು ದಿನ ತಗೊಂಡೆ ಇದನ್ನ ಬರೆಯೋಕೆ. ಡಬ್ಬದಲ್ಲಿ ಬಂದದ್ದು 38,460 ರೂಪಾಯಿ, ಪುಸ್ತಕದಲ್ಲಿದೆ, ಚಿಲ್ಲರೆ ಸಮೇತ. ಸೆಮಿಫೈನಲ್ ದಿನ ಬೆಳಿಗ್ಗೆ ಸ್ಪಾನ್ಸರ್ ಫೋನ್ ಎತ್ತಲಿಲ್ಲ. ಗೆಸ್ಟ್ ಪ್ಲೇಯರ್ಸು ಜೀಪಿನಿಂದ ಇಳಿಯಲ್ಲ, ದುಡ್ಡು ಕೈಗೆ ಬರ್ಲಿ ಅಂತಾರೆ, ಗ್ರೌಂಡ್ ಸುತ್ತ ಊರಿಗೆ ಊರೇ ನಿಂತಿದೆ, ಪಟಾಕಿ ಬೇರೆ. ಗೆದ್ರೆ ಫೈನಲ್, ಪ್ರೈಜ್ ಮನಿ ಬಂದ ತಕ್ಷಣ ವಾಪಸ್ ಇಡೋಣ ಅಂತ ನಾವು ನಾಲ್ಕು ಜನ ಶಾಲೆ ಹಿಂದುಗಡೆ ನಿಂತು ತೀರ್ಮಾನ ಮಾಡಿದ್ವಿ. ಸೋತ್ವಿ. ಟೈಬ್ರೇಕರಲ್ಲಿ.

ಮುಂದಿನ ವಾರ ಹೇಳೋಣ, ಕಾಫಿ ಮಾರಿದ್ಮೇಲೆ ನಾನೇ ಹಾಕಿ ಕೊಡೋಣ ಅಂತ. ಆ ವರ್ಷ ಮಳೆಗೆ ಕಾಯಿ ಉದುರಿತು. ಆಮೇಲೆ ನಾಚಿಕೆ. ನಿಮ್ಮಣ್ಣ ಸಂತೆಯಲ್ಲಿ ಎದುರು ಬಂದ್ರೆ ನಾನು ತರಕಾರಿ ಅಂಗಡಿ ಕಡೆ ತಿರುಗ್ತಿದ್ದೆ. ಮೊನ್ನೆ ನಾನು ರಿಡ್ಸ್‌ಡೇಲ್ ಮೇಲೆ ಸಿಟ್ಟು ಬರಲ್ಲ ಅಂತ ಬರೆದೆನಲ್ಲ, ಅದನ್ನ ಆಮೇಲೆ ನಾನೇ ಓದ್ಕೊಂಡೆ.

ತೋಟದಮನೆ, ಸುಂಟಿಕೊಪ್ಪ

ಮಾವ. ನೀವಾ.

ಆ ದಿನ ಗೋಲ್‌ಪೋಸ್ಟ್ ಹಿಂದೆ ಪಟಾಕಿ ಹಚ್ಚಿದ್ದು ನಾನು. ಏನು ಬರೀಬೇಕು ಗೊತ್ತಾಗ್ತಿಲ್ಲ. ಒಂದು ಮಾತ್ರ, ಹೇಳಿದ್ರೆ ಇನ್ನೊಂದ್ಸಲ ಡಬ್ಬ ಹಿಡೀತಿದ್ವಲ್ಲ ನಾವು. ಯಾರೂ ಬೇಡ ಅಂತಿರ್ಲಿಲ್ಲ. ಕೇಳ್ಲೇ ಇಲ್ವಲ್ಲ ನಮ್ಮನ್ನ.

ಪೊನ್ನಂಪೇಟೆ ಹಾಕಿ

ಒಕ್ಕದ ಟೀಮಲ್ಲಿ ಹೀಗಾಗಲ್ಲ ಅಂತ ಬರೆಯೋಕೆ ಹೋಗಿದ್ದೆ. ಅಳಿಸಿದೆ. ಆಗುತ್ತೆ. ಮಾತಾಡಲ್ಲ ಅಷ್ಟೇ, ಕೈಲ್‌ಪೊದಿ ಹಬ್ಬಕ್ಕೆ ಸೇರಿದಾಗ ಯಾರು ಯಾರ ಪಕ್ಕ ಕೂರಲ್ಲ ಅಂತ ನೋಡಿದ್ರೆ ಸಾಕು.

ವೆಸ್ಟ್ ಬ್ಲಾಕಲ್ಲಿ ಒಬ್ಬ ಕುಶಾಲನಗರದವ

ಅಂಕಲ್ ಕಾಲು ಹಿಡಿದು ಕೇಳ್ತೀನಿ ಈಗ ಯಾರೂ ಕೆಟ್ಟದಾಗಿ ಬೈಬೇಡಿ, ಇಷ್ಟು ವರ್ಷ ಆದ್ಮೇಲೆ ಒಬ್ರು ಬಂದು ಲೆಕ್ಕ ಹೇಳಿದಾರೆ. ನಮ್ಮ ಕ್ಲಬ್ಬುಗಳಲ್ಲಿ ಇದನ್ನ ಮಾಡಿದ ಒಬ್ಬ ಓನರನ್ನ ನಾನು ನೋಡಿಲ್ಲ.

ಗ್ಯಾಲರಿ ಅಕ್ಕ

ಬೈಯಲ್ಲ. ಹೊಗಳೋದೂ ಇಲ್ಲ.

ಮಾವ, ನಾನು ಅಣ್ಣನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಅವನು ಕೇಳಿದ್ದು ಒಂದೇ, ಆ ದುಡ್ಡಲ್ಲಿ ಯಾವ ಕೀಪರನ್ನ ಕರ್ಸಿದ್ರು ಅಂತ. ಯಾಕಂದ್ರೆ ಟೈಬ್ರೇಕರಲ್ಲಿ ಆ ಕೀಪರ್ ಎಲ್ಲ ಬಾಲಿಗೂ ಎಡಗಡೆಗೇ ಬಿದ್ದನಂತೆ, ಇವನು ಊರುಗೋಲು ಹಿಡ್ಕೊಂಡು ಲೈನಲ್ಲಿ ನಿಂತು "ಬಲಕ್ಕೆ, ಬಲಕ್ಕೆ" ಅಂತ ಕಿರುಚ್ತಾ ಇದ್ದನಂತೆ. ಅದರ ಬಗ್ಗೆನೇ ಅರ್ಧ ಗಂಟೆ ಮಾತಾಡಿದ. ದುಡ್ಡಿನ ಬಗ್ಗೆ ಏನೂ ಅನ್ನಲಿಲ್ಲ, ಅಂದ್ರೆ ಕ್ಷಮಿಸಿದಾನೆ ಅಂತ ತಿಳ್ಕೋಬೇಡಿ, ಅವನು ಹಾಗೇ.

ಭಾನುವಾರ ಸಂತೆ ಮುಗಿಸಿ ಪುಸ್ತಕ ತಗೊಂಡು ಮನೆಗೆ ಬನ್ನಿ. ನಾನು ಕೂತು ಒಂದೊಂದು ಸಾಲು ನೋಡ್ತೀನಿ.

ಕಣದ ಲೆಕ್ಕ

ಬರ್ತೀನಮ್ಮ. ಕೀಪರ್ ಹೆಸರು ನೆನಪಿಲ್ಲ, ಪುಸ್ತಕದಲ್ಲಿ "ಗೋಲಿ, 4,000" ಅಂತ ಮಾತ್ರ ಇದೆ.

ತೋಟದಮನೆ, ಸುಂಟಿಕೊಪ್ಪ

ನಾನೂ ಬರ್ಲಾ ಅಕ್ಕ?

ಗ್ಯಾಲರಿ ಅಕ್ಕ

ಬನ್ನಿ, ಪಟಾಕಿ ಬೇಡ.

ಯುನೈಟೆಡ್ ಮಡಿಕೇರಿ

ಅಣ್ಣ ಅಲನ್ ಸ್ಮಿತ್ ಬಗ್ಗೆ ಹೇಳಿದ್ದು ವಾಪಸ್ ತಗೊಂಡೆ. ಬೆಕ್‌ಫೋರ್ಡ್ ಗೋಲು ಹುಡುಕಿ ನೋಡಿದೆ ಈಗಷ್ಟೆ. ನಮ್ಮ ಡಿಫೆಂಡರು ಎಲ್ಲಿಗೆ ಹೋಗಿದ್ದ ಮಾರಾಯ.